ಲಾರಿ ಹಾದ್ರೂ ಕಿತ್ತು ಬರದ ನೆಲ

ನೋಡ್ರಪಾ, ನನ್ನ ಬೈಕ್ ಗ್ಯಾರೇಜಿನ ನೆಲಕ್ಕ ಎಪಾಕ್ಸಿ ಬಣ್ಣ ಹೊಡಿಸೀನಿ. ನಮ್ಮ ಕುಷ್ಟಗಿ ಬಿಸಿಲಾಗ ಕಾದ ಟೈರ್ ನಿಂತ್ರೂ ಕಿತ್ತು ಬರಬಾರದು ಅಂತ ನಾಕು ಅಂಗಡಿ ತಿರುಗಿ ಆರಿಸಿದ್ದು.

ಇವತ್ತ ಮೊದಲನೇ ಗಿರಾಕಿ, ದಾಳಿಂಬಿ ತೋಟದ ಕಾಕಾ, ಗಾಡಿ ರಸ್ತೆಮ್ಯಾಲೇ ನಿಲ್ಲಿಸಿ ಬಾಗಲದಾಗ ಚಪ್ಪಲಿ ಬಿಟ್ರು.

"ಗಾಡಿ ಒಳಗ ತರ್ರಿ ಕಾಕಾ."

"ಬ್ಯಾಡೋ ತಮ್ಮಾ, ಗಾಲಿ ತುಂಬ ಕೆಸರೈತಿ. ನೆಲ ದೇವರ ಮನಿ ಇದ್ದಂಗ ಆಗೇತಿ, ಹೊಲಸು ಮಾಡ್ಲೇನು?"

"ಲಾರಿ ಹಾದ್ರೂ ತಡಿತೈತ್ರಿ!"

"ನೆಲ ತಡಿತೈತೋ, ನನ್ನ ಜೀವ ತಡಿಬೇಕಲ್ಲ!"

ಆಮ್ಯಾಲ ಬಂದವರೂ ಕಾಕಾನ ಚಪ್ಪಲಿ ನೋಡಿ ತಮ್ಮವೂ ಬಿಟ್ರು. ಸಂಜಿತನಾ ಗಿರಾಕಿಗಳು ಒಳಗ ತಣ್ಣನ ನೆಲದ ಮ್ಯಾಲ ಕುಂತ್ರು, ನಾನು ಹೊರಗ ರಣ ಬಿಸಿಲಾಗ ಗಾಡಿ ಬಿಚ್ಚಿದೆ.

ಆ ಬಣ್ಣ ನನ್ನ ನೆತ್ತಿಗೆ ಹೊಡಿಸ್ಕೋಬೇಕಿತ್ತು ನೋಡ್ರಿ.