ನೆಲ ಬಿಟ್ಟ ಕಾಲು

ಜಿಗಣಿಯ ಒಂದು ಕಾರ್ಖಾನೆಯಲ್ಲಿ ಬಸಲಿಂಗ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುತ್ತಾನೆ. ಭಾನುವಾರ ಮಾತ್ರ ಅವನು ಚಿತ್ರಕಾರ. ಬರೆಯುವುದೂ ಒಂದನ್ನೇ, ಪುರವಂತರ ಕುಣಿತವನ್ನು. ಕೆಂಪು ಕಾಸೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಖಡ್ಗ ಹಿಡಿದು ವೀರಭದ್ರನ ಮುಂದೆ ಕುಣಿಯುವ ಪುರವಂತರಲ್ಲಿ ಅವನ ಅಪ್ಪ ಯಮನಪ್ಪನೂ ಒಬ್ಬನಾಗಿದ್ದ.

ಮಂಡಿನೋವು ಬಂದು ಊರಿನ ಮೇಳ ಬಿಟ್ಟು ಮಗನ ಬಾಡಿಗೆ ಮನೆ ಸೇರಿದ ಮೇಲೂ ಮುದುಕ ಸುಮ್ಮನೆ ಕೂರಲಿಲ್ಲ. ಭಾನುವಾರ ಬೆಳಿಗ್ಗೆ ವೇಷ ಕಟ್ಟಿ ತಾರಸಿ ಹತ್ತುತ್ತಿದ್ದ. ಒಂದು ಕೈಯಲ್ಲಿ ಖಡ್ಗ, ಇನ್ನೊಂದು ಕೈ ನೀರಿನ ಟ್ಯಾಂಕಿನ ಪೈಪಿನ ಮೇಲೆ. ಹಾಗೆ ಕಾಲೆತ್ತಿ ನಿಲ್ಲುತ್ತಿದ್ದ. "ಲಗೂನ ಬರಿಯೋ, ಮೊಣಕಾಲು ಕಿತ್ತು ಬರಾಕತ್ತೈತಿ" ಎಂದು ಕೂಗುತ್ತಿದ್ದ. ಬಸಲಿಂಗ ಪೈಪನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದ.

ಯುಗಾದಿ ಕಳೆದ ಮೇಲೆ ಯಮನಪ್ಪ ತೀರಿಕೊಂಡ. ಊರಿನಲ್ಲಿ ಮಣ್ಣು ಮಾಡಿ ಬಂದ ಬಸಲಿಂಗ ಅಳಲಿಲ್ಲ. ಬೀರು ಮುಂದೆ ಬಂದರೆ ಬಣ್ಣ ಹೊಡೆದ, ಊಟದ ಗಂಟೆ ಆದರೆ ಉಂಡ. ಹೆಂಡತಿ ಬಸಕ್ಕ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ಸುಮ್ಮನೆ ಉಂಡೆದ್ದ.

"ಉಪ್ಪಿಲ್ಲ ಅಂತ ಒಮ್ಮೆರೆ ಬೈರಿ" ಎಂದಳು.

"ಇರಲಿಲ್ಲೇನು?" ಎಂದು ಕೈ ತೊಳೆದ.

ಮನೆಯಲ್ಲಿ ಒಂದು ದೊಡ್ಡ ಚಿತ್ರ ಅರ್ಧಕ್ಕೆ ನಿಂತಿತ್ತು. ಬ್ರೂಕ್‌ಫೀಲ್ಡಿನಲ್ಲಿರುವ ದಾವಣಗೆರೆ ಕಡೆಯ ನೀಲಾಂಬಿಕಾ ಎಂಬವರು ತಮ್ಮ ಹೊಸ ಮನೆಗೆಂದು ಹೇಳಿ ಬರೆಸುತ್ತಿದ್ದದ್ದು. ಅವರಿಗೆ ವೀರಭದ್ರ ಮನೆದೇವರು. ಮುಖ, ಮೈ, ಖಡ್ಗ ಎಲ್ಲವೂ ಅಪ್ಪ ಇರುವಾಗಲೇ ಮುಗಿದಿದ್ದವು. ಉಳಿದದ್ದು ಎತ್ತಿದ ಬಲಗಾಲು ಒಂದೇ.

ಬಸಲಿಂಗ ಹಳೆಯ ಚಿತ್ರಗಳನ್ನು ನೋಡಿಕೊಂಡು ಕಾಲು ಬರೆದ, ಒರೆಸಿದ, ಮತ್ತೆ ಬರೆದ. ಅದು ಕಾಲಿನ ಹಾಗೆಯೇ ಇತ್ತು. ಆದರೆ ನೆಲ ಬಿಟ್ಟು ಎದ್ದ ಹಾಗಿರಲಿಲ್ಲ, ಮೊಳೆಗೆ ತೂಗುಹಾಕಿದ ಹಾಗಿತ್ತು. ಈ ಕಾಲು ಬರದಿದ್ದರೆ ಇನ್ನು ಮುಂದೆ ತನ್ನಿಂದ ಯಾವ ಚಿತ್ರವೂ ಆಗುವುದಿಲ್ಲ, ಬೀರುಗಳೇ ಗತಿ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದರೂ ಹೆದರಿಕೆಯಾಗಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅವನು ಅಪ್ಪನ ಟ್ರಂಕು ತೆಗೆದ. ತಾರಸಿಗೆ ಹೋಗಿ ಕಾಸೆ ಉಟ್ಟ, ಗೆಜ್ಜೆ ಕಟ್ಟಿದ, ವೀರಭದ್ರನ ಮೂರ್ತಿಯಿದ್ದ ಹಲಗೆಯನ್ನು ಸೊಂಟಕ್ಕೆ ಬಿಗಿದ. ಮೊಬೈಲನ್ನು ಟ್ಯಾಂಕಿಗೆ ಒರಗಿಸಿ, ಪೈಪು ಹಿಡಿದು ಕಾಲೆತ್ತಿ ವಿಡಿಯೋ ಮಾಡಿಕೊಂಡ. ನೋಡಿದರೆ ಅದೇ ಜೋತುಬಿದ್ದ ಕಾಲು.

ಬಿಚ್ಚಲೆಂದು ಗಂಟಿಗೆ ಕೈ ಹಾಕಿದವನು ಹಾಗೇ ನಿಂತ. ಒಮ್ಮೆ ಹಲಗೆ ಕಟ್ಟಿದವನು ಒಡಪು ಹೇಳದೆ ಅದನ್ನು ಬಿಚ್ಚುವಂತಿಲ್ಲ, ಕೂರುವಂತೆಯೂ ಇಲ್ಲ. ಒಡಪು ಎಂದರೆ ಪುರವಂತರು ದೇವರನ್ನು ಹೊಗಳುತ್ತ ಕೂಗಿ ಹೇಳುವ ಮಾತು. ಅಪ್ಪ ಒಡಪು ಹೇಳುವಾಗಲೆಲ್ಲ ಬಸಲಿಂಗನ ಕಣ್ಣು ಅವನ ಕೈಕಾಲಿನ ಮೇಲಿರುತ್ತಿತ್ತು. ಕಿವಿ ಆ ಮಾತಿನ ಮೇಲೆ ಇರುತ್ತಿರಲಿಲ್ಲ. ಒಂದು ಸಾಲೂ ಅವನಿಗೆ ಬರುತ್ತಿರಲಿಲ್ಲ.

ಕೆಳಗಿನ ಮನೆಯ ಕೃಷ್ಣ ಟ್ಯಾಂಕಿನಲ್ಲಿ ನೀರು ನೋಡಲು ಮೇಲೆ ಬಂದ.

"ಏನ್ ಗುರು, ಶೂಟಿಂಗಾ? ಹೀರೋಯಿನ್ ಎಲ್ಲಿ?"

"ಬಿಚ್ಚಾಕ ಬರಂಗಿಲ್ಲ."

"ಗಂಟು ಬಿಗಿಯಾಗ್ಬಿಡ್ತಾ? ಕತ್ತರಿ ತರ್ಲಾ?"

"ಬ್ಯಾಡ."

ಕೃಷ್ಣ ಅವನ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಇಳಿದುಹೋಗಿ ಬಸಕ್ಕನನ್ನು ಕಳಿಸಿದ.

"ಅಯ್ಯ ಶಿವನ! ಒಡಪು ಬರದಾವ್ರು ಯಾಕ ಕಟ್ಟಿದ್ರಿ?"

"ಕಾಲು ನೋಡಬೇಕಿತ್ತು."

"ನೋಡಿದ್ರೆಲ್ಲ, ನಿಲ್ರಿ ಈಗ ಬಿಸಿಲಾಗ" ಎಂದು ಬೈಯುತ್ತಲೇ ಅವಳು ಊರಿಗೆ, ಮೇಳದ ಹಿರಿಯ ಚನಬಸಪ್ಪನಿಗೆ ಫೋನು ಹಚ್ಚಿದಳು. ಆದದ್ದು ಹೇಳಿ, ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದಳು.

"ಯಾರು, ಯಮನಪ್ಪನ ಮಗನ? ಬಣ್ಣದಾಂವ?" ಮುದುಕ ಕೆಮ್ಮಿ ನಕ್ಕ. "ನಿಮ್ಮಪ್ಪ ಸತ್ರೂ ನನ್ನ ಬಿಡಂಗಿಲ್ಲ ನೋಡು. ನಾ ಅಂದಂಗ ಅನ್ನು."

ಬಸಲಿಂಗ ಸಾಲು ಸಾಲಾಗಿ ಅಂದ.

"ಕೇಳಂಗಿಲ್ಲೋ! ಗಂಟಲಾಗ ಹತ್ತಿ ತುರುಕೀಯೇನು? ಒದರು!"

ಅವನು ಒದರಿದ. ಆಚೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು.

"ಈಗ ಕಾಲೆತ್ತಿ ಬಡಿ. ಬಡಿಯಾಕಂತನ ಎತ್ತೂದದು. ಏನರೆ ಹಿಡ್ಕೊಂಡಿದ್ರ ಬಿಡು ಮೊದಲ."

ಬಸಲಿಂಗನ ಕೈ ಆಗಲೇ ಮತ್ತೆ ಪೈಪಿಗೆ ಹೋಗಿತ್ತು. ಬಿಟ್ಟ. ಕಾಲು ಮೇಲೆದ್ದು ನೆಲಕ್ಕೆ ಬಿತ್ತು. ಕಾದ ಸಿಮೆಂಟು ಅಂಗಾಲಿಗೆ ಚುರ್ ಎಂದಿತು. ಎಷ್ಟೋ ದಿನಗಳಿಂದ ಅವನ ಮೈಗೆ ತಾಗಿದ್ದು ಅದೊಂದೇ. ಇಷ್ಟು ವರ್ಷ ತಾನು ಬರೆದದ್ದೆಲ್ಲ ಪೈಪು ಹಿಡಿದು ನಿಂತವನ ಕಾಲು ಎಂದು ಆಗ ಹೊಳೆಯಿತು. ಹಲಗೆ ಬಿಚ್ಚಿ, ಒರೆಸಿ, ಟ್ರಂಕಿನಲ್ಲಿಟ್ಟ. ಕೆಳಗೆ ಹೋಗಿ ಬೆಳಕು ಹೋಗುವವರೆಗೆ ಬರೆದ.

ಆ ವಾರವೇ ನೀಲಾಂಬಿಕಾ ಚಿತ್ರ ನೋಡಲು ಬಂದರು.

"ಮುಖ ತುಂಬಾ ಚೆನ್ನಾಗಿ ಬಂದಿದೆ ಕಣ್ರೀ. ಕಾಲು ಯಾಕೋ ಬೇರೆಯವರದ್ದು ಅನ್ಸುತ್ತೆ. ಮೈಗೆ ವಯಸ್ಸಾಗಿದೆ, ಕಾಲಿಗಾಗಿಲ್ಲ."

"ಹೌದ್ರಿ. ಅದು ನಂದು."

"ಬದಲಾಯಿಸೋಕಾಗುತ್ತಾ?"

"ಇಲ್ರಿ."

ಅವರು ಮತ್ತಷ್ಟು ಹೊತ್ತು ಆ ಕಾಲನ್ನೇ ನೋಡಿದರು. "ಇರ್ಲಿ ಬಿಡಿ, ಹಾಗೇ ಇರ್ಲಿ" ಎಂದರು.

ಬಸಲಿಂಗನಿಗೆ ಸಂತೋಷವೇನೂ ಆಗಲಿಲ್ಲ. ಚಿತ್ರವನ್ನು ಗಾಡಿಗೆ ಹತ್ತಿಸಿ ಬಂದು, ಖಾಲಿಯಾದ ಜಾಗದಲ್ಲಿ ಕೂತು, ಇನ್ನೊಂದು ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಮೊಳೆ ಹೊಡೆಯತೊಡಗಿದ.