ಬಂಗಲೆಯ ಒಲೆಗೆ ಕುಂಕುಮ

ದೇವನಹಳ್ಳಿಯಲ್ಲಿ ಇಂಗ್ಲಿಷರ ಕಾಲದ ಬಂಗಲೆಯೊಂದನ್ನು ನೋಡಲು ಹೋಗಿದ್ದೆವು. ನಾನು ಅದರ ಎತ್ತರದ ಕಿಟಕಿಗಳ ಫೋಟೊ ತೆಗೆದು ತಿರುಗುವಷ್ಟರಲ್ಲಿ, ನಮ್ಮತ್ತೆ ಅಗ್ಗಿಷ್ಟಿಕೆಯ ಮುಂದೆ ಕೂತು ಅದರ ಕಲ್ಲಿನ ಕಮಾನನ್ನು ಸೆರಗಿನಿಂದ ಒರೆಸುತ್ತಿದ್ದರು. ಚೀಲದಿಂದ ಭರಣಿ ತೆಗೆದು ಕುಂಕುಮವನ್ನೂ ಇಟ್ಟುಬಿಟ್ಟರು.

ನಮಗೆ ಬಾಗಿಲು ತೆಗೆದಿದ್ದ ಕಾವಲುಗಾರರೊಬ್ಬರು ನಕ್ಕರು. "ಅದು ಅಡುಗೆ ಒಲೆ ಅಲ್ಲ ಕಣಮ್ಮ. ದೊರೆಗಳು ಚಳಿ ಕಾಯಿಸ್ಕೊಳ್ತಿದ್ದ ಜಾಗ."

"ಬೆಂಕಿ ಉರಿದ ಜಾಗ ತಾನೇ ಕಣಪ್ಪಾ," ಅಂದರು ಅತ್ತೆ. "ಎಷ್ಟು ಕಾಲದಿಂದ ತಣ್ಣಗೆ ಕೂತಿದೆಯೋ ಪಾಪ."

ಜಡಿಗೇನಹಳ್ಳಿಯ ನಮ್ಮ ಹಳೇ ಮನೆ ಕೆಡವಿದ ಮೇಲೆ ಅವರು ಒಲೆಗೆ ಕುಂಕುಮ ಇಟ್ಟಿದ್ದು ಅದೇ ಮೊದಲು. ಗ್ಯಾಸ್ ಒಲೆ ಅವರಿಗೆ ಒಲೆ ಅನ್ನಿಸಿರಲೇ ಇಲ್ಲ.

ಅತ್ತೆ ತೀರಿಕೊಂಡ ಮೇಲೆ, ಮೊನ್ನೆ ದೇವನಹಳ್ಳಿಗೆ ಹೋದವಳು ಆ ಬಂಗಲೆಗೂ ಹೋಗಿಬಂದೆ. ಕಮಾನಿನ ಮೇಲೆ ಕುಂಕುಮ ಹೊಸದಾಗಿತ್ತು. ಬಾಗಿಲು ತೆಗೆದ ಅದೇ ಕಾವಲುಗಾರರ ಬೆರಳ ತುದಿ ಕೆಂಪಗಿತ್ತು.