ನೀರಿನ ವರ್ಗ

ಮುಶಿಗೇರಿಯ ಪ್ರಭುಲಿಂಗಪ್ಪ ಪುಣೆಗೆ ಓದಲು ಹೊರಟಾಗ ಊರಿನವರು ಅವನನ್ನು ಕೇಳಿಕೊಂಡದ್ದು ಒಂದೇ ಮಾತು. ಓದಿ ಬಂದಮೇಲೆ ನಮ್ಮ ಕೆರೆಯ ಒಡ್ಡನ್ನು ಗಟ್ಟಿಯಾಗಿ ನಿಲ್ಲಿಸಿಕೊಡಬೇಕು. ಎರಡು ಮೂರು ವರ್ಷಕ್ಕೊಮ್ಮೆ ಆ ಒಡ್ಡು ಒಡೆಯುತ್ತಿತ್ತು. ಒಡೆದ ವರ್ಷ ಹೆಂಗಸರು ಹರದಾರಿ ದೂರದ ಹಳ್ಳಕ್ಕೆ ಹೋಗಿ ಕೊಡ ಹೊತ್ತು ತರಬೇಕಿತ್ತು. ಅವನ ಅಕ್ಕ ಕಲ್ಲವ್ವನನ್ನು ಅದೇ ಊರಿಗೆ, ಕೆರೆಯ ಕೆಳಗಿನ ಓಣಿಗೆ ಕೊಟ್ಟಿದ್ದರು. ಅವಳು ತಲೆಯ ಮೇಲಿನ ಸೆರಗು ಸರಿಸಿ ನೆತ್ತಿ ತೋರಿಸಿದಳು.

"ನೋಡೋ ತಮ್ಮಾ, ಸಿಂಬಿ ಇಟ್ಟು ಇಟ್ಟು ಕೂದಲಾನ ಹೋಗ್ಯಾವು. ನೀರಿನ ವಿದ್ಯಾ ಕಲ್ತು ಬಾ."

ಅಕ್ಕನ ನೆತ್ತಿಯ ಮೇಲಿನ ಆ ಬಿಲ್ಲೆಯಷ್ಟು ಜಾಗ ಪುಣೆಯ ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇತ್ತು. ಇದು ಸಾವಿರದ ಎಂಟುನೂರಾ ಐವತ್ತೈದರ ಮಾತು. ರಸ್ತೆ, ಸೇತುವೆ, ಕಟ್ಟಡದ ಕೆಲಸಕ್ಕೆ ಜನ ಬೇಕೆಂದು ಸರಕಾರ ಅಲ್ಲೊಂದು ಹೊಸ ಶಾಲೆ ತೆರೆದಿತ್ತು. ಧಾರವಾಡದಲ್ಲಿ ಲೆಕ್ಕ, ಮರಾಠಿ ಎರಡನ್ನೂ ಕಲಿತಿದ್ದ ಹುಡುಗನಿಗೆ ಅಲ್ಲಿ ಜಾಗ ಸಿಕ್ಕಿತು. ತಂದೆ ಅರ್ಜುನಪ್ಪನಿಗೆ ಹತ್ತು ಕೂರಿಗೆಯಷ್ಟು ಕರಿಮಣ್ಣಿನ ಎರೆಹೊಲ, ಊರಲ್ಲಿ ದೊಡ್ಡ ಮಾತು. ಮಗ ಸರಕಾರದ ರುಮಾಲು ಸುತ್ತಿ ಕುದುರೆಯ ಮೇಲೆ ಬರುವುದನ್ನು ಆತ ಆಗಲೇ ನೋಡಿಬಿಟ್ಟಿದ್ದ.

ಒಂದು ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ಮೂರು ವರ್ಗ ಎಂದರು ಮಾಸ್ತರರು. ಒಂದು ರಸ್ತೆಯದು, ಒಂದು ಹೊಲ ಅಳೆಯುವ ಮೋಜಣಿಯದು, ಇನ್ನೊಂದು ಕೆರೆ ಕಾಲುವೆಯದು. ಒಂದನ್ನು ಹಿಡಿದರೆ ಉಳಿದೆರಡು ಬಿಟ್ಟ ಹಾಗೆ. ಹೆಸರು ಬರೆಸಲು ಎರಡು ತಿಂಗಳ ಗಡುವು ಕೊಟ್ಟರು.

ಪ್ರಭುಲಿಂಗಪ್ಪ ಆವತ್ತೇ ನೀರಿನ ವರ್ಗಕ್ಕೆ ಹೆಸರು ಬರೆಸಬಹುದಿತ್ತು. ಬರೆಸಲಿಲ್ಲ. ಮುಶಿಗೇರಿಯಲ್ಲಿ ಬಿತ್ತನೆಗೆ ಕೂರಿಗೆ ಹೂಡುವುದಿರಲಿ, ಹೆಣ್ಣು ತರುವುದಿರಲಿ, ಊರದೇವಿ ದ್ಯಾಮವ್ವನಿಗೆ ಹೂ ಹಚ್ಚಿ ಕೇಳದೆ ಯಾರೂ ಮಾಡುತ್ತಿರಲಿಲ್ಲ. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುತ್ತ ಕೂಡುವುದು, ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಕೇಳುವವನ ಆಸೆ ಏನೆಂದು ಮೊದಲೇ ಹೇಳಿಬಿಟ್ಟರೆ ಹೂವಿಗೆ ಮೈಲಿಗೆ. ಆದ್ದರಿಂದ ಅವನು ತಂದೆಗೆ ಕಾಗದ ಬರೆದು ಮೂರೂ ವರ್ಗದ ಹೆಸರು ತಿಳಿಸಿದ. ತನ್ನ ಮನಸ್ಸು ಎಲ್ಲಿದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಶಾಣ್ಯಾ ಹುಡುಗ, ದೇವರಿಗೆ ಮೋಸ ಮಾಡಬಾರದೆಂದು ತಾನೇ ಮೋಸಹೋದ.

ಗಡುವಿಗೆ ನಾಲ್ಕು ದಿನ ಇರುವಾಗ ಟಪಾಲು ಬಂತು. ರೋಣದ ಶಾಲೆಯ ಮಾಸ್ತರರ ಕೈಬರಹ, ಅರ್ಜುನಪ್ಪ ಹೇಳಿ ಬರೆಸಿದ ಮಾತು: 'ತಾಯಿ ದ್ಯಾಮವ್ವ ರಸ್ತಾಕ ಕೊಟ್ಟಾಳ. ಲಗೂನ ಹೆಸರ ಬರಸು.'

ಬರೆಸಿದ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಊಟಕ್ಕೆ ಕುಳಿತಾಗ ರೊಟ್ಟಿಗೆ ರುಚಿ ಇರಲಿಲ್ಲ, ಅಷ್ಟೇ. ಅದು ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡ. ಹೋಗಲಿಲ್ಲ. ಆದರೂ ಕಲ್ಲು ಹಾಸುವುದು, ಗರಸುಮಣ್ಣು ಹರಡುವುದು, ಕಲ್ಲಿನ ಗುಂಡು ಉರುಳಿಸಿ ಒತ್ತುವುದು, ಎಲ್ಲವನ್ನೂ ತಪ್ಪಿಲ್ಲದೆ ಕಲಿತ.

ನರಗುಂದದಲ್ಲಿ ಗದ್ದಲ ಎದ್ದ ವರ್ಷ ಅವನನ್ನು ಗಜೇಂದ್ರಗಡ, ರೋಣದ ದಾರಿಗೆ ಹಾಕಿದರು. ದಂಡಿನ ತೋಪಿನ ಗಾಡಿಗಳು ಎರೆಯಲ್ಲಿ ಹೂತುಹೋಗುತ್ತವೆ, ಗಟ್ಟಿ ರಸ್ತೆ ಬೇಕು ಎಂದು ಹುಕುಮ್ ಆಗಿತ್ತು. ರಸ್ತೆ ಮುಶಿಗೇರಿಯ ಮಗ್ಗುಲಲ್ಲೇ ಬಂತು. ಮರುವರ್ಷದ ಬೇಸಿಗೆಯಲ್ಲಿ ಊರವರು ಬಂದು ಹಳೆಯ ಮಾತು ನೆನಪಿಸಿದರು. ತಾನು ಕಲಿತದ್ದು ಬೇರೆ ಎಂದು ಹೇಳಲು ಪ್ರಭುಲಿಂಗಪ್ಪ ಬಾಯಿ ತೆರೆದ. ಪಕ್ಕದಲ್ಲಿ ಅರ್ಜುನಪ್ಪ ಮೀಸೆ ತಿರುವುತ್ತ ನಿಂತಿದ್ದ. ಮಗ ಬಾಯಿ ಮುಚ್ಚಿಕೊಂಡು ಹೂಂ ಅಂದ.

ಒಡ್ಡು ಕಟ್ಟಿದ. ತನಗೆ ಬರುವ ಹಾಗೆ ಕಟ್ಟಿದ. ಅಡಿಯಲ್ಲಿ ಕಲ್ಲು, ಮೇಲೆ ಗರಸು, ಪದರ ಪದರಕ್ಕೂ ಗುಂಡು. ಮಣ್ಣು ಅಗೆಯುವ ಒಡ್ಡರ ಹಿರಿಯ ಪರಶಪ್ಪ ಗುದ್ದಲಿ ಊರಿಕೊಂಡು ಎರಡು ದಿನ ನೋಡಿದ. ಮೂರನೆಯ ದಿನ ತಡೆಯಲಾಗದೆ ಕೇಳಿದ.

"ಧಣೀ, ನಡುವ ಜಿಗಟ ಮಣ್ಣ ತುಳಿದು ತುಂಬೂದಿಲ್ಲೇನ್ರಿ? ಬರೇ ಗರಸಿನ್ಯಾಗ ನೀರ ಜಿನಗತೈತ್ರಿ."

"ಪುಣೇದಾಗ ಓದಿ ಬಂದಾವ್ಗ ನೀ ಕಲಸ್ತಿಯೇನಲೇ ಪರಶ್ಯಾ?" ಎಂದ ಅರ್ಜುನಪ್ಪ.

ಪ್ರಭುಲಿಂಗಪ್ಪ ಪರಶಪ್ಪನ ಮುಖ ನೋಡಿದ. ಮುದುಕ ಹೇಳುತ್ತಿರುವುದು ಖರೆ ಇರಬಹುದು ಅನ್ನಿಸಿತು. ಆದರೆ ಕೇಳುವುದಕ್ಕೆ, ತಂದೆಗೆ ಎದುರಾಡುವುದಕ್ಕೆ ಮೈಯಲ್ಲಿ ಏನೋ ಒಂದು ಬೇಕಲ್ಲ, ಅದು ಪುಣೆಯಲ್ಲೇ ಆರಿಹೋಗಿತ್ತು. ಗುಂಡು ಉರುಳಿಸಿರಿ ಎಂದ.

ಉತ್ತರಿ ಮಳೆಗೆ ಕೆರೆ ತುಂಬಿತು. ಹೆಂಗಸರು ಕುಂಕುಮ ಹಾಕಿ ಪೂಜೆ ಮಾಡಿದರು. ನಾಲ್ಕನೆಯ ದಿನ ಬೆಳಗಾಗುವಷ್ಟರಲ್ಲಿ ಒಡ್ಡಿನ ಬುಡ ಬೆವರತೊಡಗಿತು, ಹೊತ್ತು ನೆತ್ತಿಗೆ ಬರುವಾಗ ನಡುವೆ ಕುಸಿಯಿತು. ಯಾರೂ ಸಾಯಲಿಲ್ಲ. ಕಲ್ಲವ್ವನ ಗಂಡನ ಹೊಲದ ಮೇಲ್ಮಣ್ಣು ಕೊಚ್ಚಿಹೋಯಿತು, ಕೆರೆ ಬರಿದಾಯಿತು. ಊರವರು ಬಂದು ನೋಡಿ ಮನೆಗೆ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಡೆದ ಒಡ್ಡಿನ ಮೇಲೆ ತಂದೆ ಮಗ ಇಬ್ಬರೇ ಉಳಿದರು.

"ನನಗ ನೀರಿನ ವರ್ಗ ಬೇಕಾಗಿತ್ತಪ್ಪಾ," ಎಂದ ಪ್ರಭುಲಿಂಗಪ್ಪ. "ಏನ್ ಮಾಡೂದು, ತಾಯಿ ರಸ್ತಾಕ ಕೊಟ್ಲು."

ಅರ್ಜುನಪ್ಪ ಕೆಸರಿನಲ್ಲಿ ಹೂತಿದ್ದ ಒಂದು ಕಲ್ಲನ್ನು ಕಾಲಿನಿಂದ ಸರಿಸಿದ.

"ಹೂವು ಎರಡ ಹಚ್ಚೂದು ಮಗಾ. ನೀ ಮೂರ ಬರದಿದ್ದಿ. ರಸ್ತಾ ಬಲಕ್ಕ ಹಚ್ಚಿದೆ, ಮೋಜಣಿ ಎಡಕ್ಕ ಹಚ್ಚಿದೆ. ಕೆರಿ ಅಗಿಯೂದು ಒಡ್ಡರ ಕೆಲಸ, ನನ್ನ ಮಗಗ ಯಾಕ ಅಂತ... ಅದನ್ನ ತಾಯಿಗೆ ಕೇಳೇ ಇಲ್ಲ."

ಪ್ರಭುಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು. ಬರುತ್ತದೇನೋ ಎಂದು ಕಾದ. ಎದೆಯಲ್ಲಿ ಏನೂ ಅಲುಗಲಿಲ್ಲ. ಆಗ ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. "ನಡೀರಿ, ಬಿಸಲಾತು," ಎಂದು ತಂದೆಯ ಕೈಹಿಡಿದು ಕೆಳಗಿಳಿಸಿದ.

ಮರುದಿನ ಮುಂಜಾನೆ ಎಂದಿನಂತೆ ರಸ್ತೆಯ ಕೆಲಸಕ್ಕೆ ಹೋದ. ಸರಪಳಿ ಎಳೆಸಿ ಅಳತೆ ಬರೆದುಕೊಳ್ಳುತ್ತಿದ್ದಾಗ ಹಳ್ಳದ ಕಡೆಯಿಂದ ಹೆಂಗಸರ ಸಾಲು ಬಂತು. ನಡುವೆ ಕಲ್ಲವ್ವ, ತಲೆಯ ಮೇಲೆ ಎರಡು ಕೊಡ, ಕಂಕುಳಲ್ಲಿ ಒಂದು. ಅವನು ತಲೆ ತಗ್ಗಿಸಿದ. ಅವಳು ತಾನಾಗಿಯೇ ನಿಂತಳು, ಸೋತ ಮುಖದಲ್ಲೇ ನಕ್ಕಳು. ತಮ್ಮನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಅವಳಿಗೆ ಅನ್ನಿಸಿರಬೇಕು.

"ರಸ್ತಾ ಭಾಳ ಚಲೋ ಮಾಡೀಯೋ ತಮ್ಮಾ," ಎಂದಳು. "ಮೊದಲಿನ್ಹಾಂಗ ಕಾಲಿಗೆ ಮುಳ್ಳ ಚುಚ್ಚೂದಿಲ್ಲ."

ಅವನು ಸರಪಳಿ ಕೆಳಗಿಟ್ಟು, ಅವಳು ಹೋಗಲೆಂದು ಬದಿಗೆ ಸರಿದು ನಿಂತ.